ಎರಡು ವರ್ಷದ ಟೀಚರ್

ಕಳೆದ ಬೇಸಿಗೆಯಲ್ಲಿ ಮಗಳು ತವರಿಗೆ ಬಂದಿದ್ದಳು. ತವರು ಎಂದರೆ ಬಸವೇಶ್ವರನಗರದ ಈ ಹಳೆಯ ಮನೆಯೇ. ಅವಳ ಸಾಮಾನಿನಲ್ಲಿ ಒಂದು ನೀಲಿ ಫೈಲು ಇರುತ್ತದೆ. ಸೀರೆ, ಒಡವೆಗಳಿರುವ ಸೂಟ್‌ಕೇಸನ್ನು ರೈಲಿನ ಸೀಟಿನ ಕೆಳಗೆ ತಳ್ಳಿ ನಿಶ್ಚಿಂತೆಯಿಂದ ಇರುವವಳು, ಈ ಫೈಲನ್ನು ಮಾತ್ರ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ. ಅದರಲ್ಲಿ ಏನಿದೆ ಎಂದು ನಾನು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಆ ದಿನ ಅವಳೇ ಊಟದ ಮೇಜಿನ ಮೇಲೆ ಹರವಿಕೊಂಡು ಕುಳಿತಿದ್ದಳು. ಎಂ.ಎಸ್‌ಸಿ., ಬಿ.ಎಡ್. ಅಂಕಪಟ್ಟಿಗಳ ಹಿಂದೆ ಆರು ಶಾಲೆಗಳ ಅನುಭವ ಪತ್ರಗಳು. ಜೋಧಪುರ, ಬಿನ್ನಾಗುರಿ, ಭಟಿಂಡಾ, ಸಿಕಂದರಾಬಾದ್, ಮಹೂ, ಮತ್ತೆ ನಮ್ಮ ಬೆಂಗಳೂರು. ಒಂದೊಂದರಲ್ಲೂ ಒಂದೂವರೆ ವರ್ಷ, ಎರಡು ವರ್ಷ. ಒಂದರಲ್ಲಂತೂ ಏಳೇ ತಿಂಗಳು. ಎಲ್ಲದರ ಕೊನೆಯ ಸಾಲೂ ಒಂದೇ: ಇವರು ಸ್ವ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ.

ನನ್ನ ಅಳಿಯ ಸೈನ್ಯದಲ್ಲಿದ್ದಾನೆ. 2006ರಲ್ಲಿ ಮದುವೆಯಾದಾಗ ಕ್ಯಾಪ್ಟನ್ ಆಗಿದ್ದ. ಆಮೇಲೆ ಮೇಜರ್ ಆದ, ಲೆಫ್ಟಿನೆಂಟ್ ಕರ್ನಲ್ ಆದ, ಈಗ ಕರ್ನಲ್. ಪ್ರತಿ ಊರು ಬಿಟ್ಟಾಗಲೂ ಅವನ ಹೆಗಲ ಮೇಲೆ ಏನಾದರೊಂದು ಸೇರುತ್ತಿತ್ತು. ಇವಳ ಫೈಲಿನಲ್ಲಿ ಒಂದು ಹಾಳೆ ಸೇರುತ್ತಿತ್ತು.

ಹಾಳೆಗಳನ್ನು ಜೋಡಿಸುತ್ತಲೇ ಅವಳು ಕೇಳಿದಳು: "ಅಮ್ಮ, ನಿಜ ಹೇಳು. ನೀನು ಹೆಡ್‌ಮಿಸ್ ಆಗಿದ್ದಾಗ ಇಂಥ ಫೈಲು ಹಿಡ್ಕೊಂಡು ಯಾರಾದ್ರೂ ಬಂದಿದ್ದರೆ ಕೆಲಸ ಕೊಡ್ತಿದ್ದೆಯಾ?"

ನಾನು ಒಲೆಯ ಮೇಲಿನ ಹಾಲಿನ ನೆಪ ಮಾಡಿ ಎದ್ದುಹೋದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಆ ಪ್ರಶ್ನೆಗೆ ನಾನು 1996ರಲ್ಲೇ ಉತ್ತರ ಕೊಟ್ಟಾಗಿತ್ತು. ಇವಳಿಗಲ್ಲ, ಇನ್ನೊಬ್ಬಳಿಗೆ.

ಆಗ ನಾನು ರಾಜಾಜಿನಗರದ ಕಡೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಗಣಿತದ ಮೇಡಂ ಒಬ್ಬರು ನಿವೃತ್ತರಾಗಿದ್ದರು. ಮೇ ತಿಂಗಳ ಬಿಸಿಲಿನಲ್ಲಿ ಸಂದರ್ಶನ ಇಟ್ಟಿದ್ದೆವು. ಬಂದ ಏಳೆಂಟು ಮಂದಿಯಲ್ಲಿ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಬಿ.ಎಸ್‌ಸಿ., ಬಿ.ಎಡ್. ಗಂಡ ಸೈನ್ಯದಲ್ಲಿ ಹವಾಲ್ದಾರ, ಕಾಶ್ಮೀರದಲ್ಲಿದ್ದಾನೆ. ಅಲ್ಲಿಗೆ ಸಂಸಾರ ಕರೆದೊಯ್ಯುವಂತಿಲ್ಲ. ಮಗುವಿನ ಓದಿಗೆಂದು ವಿಜಯನಗರದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಾಡಿಗೆ ಮನೆ ಹಿಡಿದಿದ್ದಾಳೆ. ಬಿ.ಟಿ.ಎಸ್. ಬಸ್ಸಿನಲ್ಲಿ ನೂಕಿಸಿಕೊಂಡು ಬಂದದ್ದಕ್ಕೆ ಸೀರೆಯ ನೆರಿಗೆ ಕೆಟ್ಟಿತ್ತು. ಕೊಠಡಿಯ ಹೊರಗೆ ನಿಂತು ಸರಿಮಾಡಿಕೊಳ್ಳುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ಮಾದರಿ ಪಾಠಕ್ಕೆ ಋಣ ಸಂಖ್ಯೆ ಕೊಟ್ಟಿದ್ದೆವು. ರಜೆಯಲ್ಲೂ ಹತ್ತಿಪ್ಪತ್ತು ಮಕ್ಕಳನ್ನು ಕರೆಸಿ ಕೂರಿಸಿದ್ದೆವು. ಅವಳು ಪುಸ್ತಕ ಮುಟ್ಟಲೇ ಇಲ್ಲ. ಬೋರ್ಡಿನ ಮೇಲೆ ಕಿರಾಣಿ ಅಂಗಡಿಯ ಉದ್ರಿ ಖಾತೆಯೊಂದನ್ನು ಬರೆದಳು. ಉದ್ರಿ ಎಂಬ ಮಾತಿಗೇ ನಮ್ಮ ಮಕ್ಕಳು ನಕ್ಕರು. ಅವಳೂ ನಕ್ಕು, "ನಿಮ್ಮಲ್ಲಿ ಸಾಲ ಅಂತೀರಿ, ನಮ್ಮಲ್ಲಿ ಉದ್ರಿ" ಎಂದಳು. ಋಣವನ್ನು ಕಳೆಯುವುದೆಂದರೆ ಕೂಡಿಸುವುದು ಹೇಗೆ ಎಂದು ಒಬ್ಬ ಹುಡುಗ ಕೇಳಿದ. ಅಂಗಡಿಯವನು ನಿಮ್ಮ ಐದು ರೂಪಾಯಿ ಉದ್ರಿಯನ್ನು ಹೊಡೆದುಹಾಕಿದರೆ ನಿಮ್ಮ ಜೇಬಿಗೆ ಐದು ರೂಪಾಯಿ ಬಂದಂತೆಯೇ ಅಲ್ಲವೇ ಎಂದಳು. ಇಪ್ಪತ್ತೈದು ವರ್ಷ ಗಣಿತ ಹೇಳಿದ್ದ ನನಗೆ, ಅಯ್ಯೋ ಇಷ್ಟು ಸುಲಭದ ದಾರಿ ಹೊಳೆದಿರಲಿಲ್ಲವಲ್ಲ ಎನಿಸಿತು.

ಆಮೇಲೆ ಸಂದರ್ಶನ. ಆಡಳಿತ ಮಂಡಳಿಯ ಒಬ್ಬರು ಕೇಳಿದರು: "ನಿಮ್ಮ ಯಜಮಾನರಿಗೆ ವರ್ಗವಾಗಿ ಸಂಸಾರ ಕರೆದುಕೊಂಡು ಹೋಗುವ ಊರು ಸಿಕ್ಕರೆ?"

"ಹೋಗಬೇಕಾಗ್ತದ್ರಿ" ಎಂದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಒಂದು ಮಾತಿಗೆ ಅವಳ ಹೆಸರು ಬಿದ್ದುಹೋಯಿತು. ಹಾಳೆಯ ಅಂಚಿನಲ್ಲಿ "ಸ್ಥಿರವಾಗಿ ನಿಲ್ಲುವವರಲ್ಲ" ಎಂದು ಬರೆದದ್ದು ನನ್ನದೇ ಕೈ.

ವಿಷಯ ತಿಳಿಸುವಾಗ ನನಗೆ ಸಂಕೋಚವಾಯಿತು. ಸಂಕೋಚವಾದಾಗ ದೊಡ್ಡ ಮಾತುಗಳು ಸುಲಭವಾಗಿ ಬರುತ್ತವೆ. "ನಿಮ್ಮಂಥವರ ತ್ಯಾಗ ತುಂಬ ದೊಡ್ಡದಮ್ಮ" ಎಂದೆ. ಅವಳು ಸರ್ಟಿಫಿಕೇಟುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ದನಿ ಏರಿಸದೆ ಹೇಳಿದಳು: "ತ್ಯಾಗ ನಮ್ಮ ಮನೀಯವ್ರದು ಇರಬಹುದ್ರಿ ಮೇಡಂ. ಅವರು ತಾವಾಗೇ ಸೈ ಮಾಡಿ ಹೋಗ್ಯಾರ. ನನ್ನನ್ನ ಯಾರೂ ಕೇಳಿಲ್ರಿ."

ನಾವು ಕೆಲಸ ಕೊಟ್ಟದ್ದು ಶಾಲೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಮನೆಯಿದ್ದ ಹುಡುಗಿಗೆ. ಎಂಟು ತಿಂಗಳಿಗೆ ಅವಳಿಗೆ ಮದುವೆಯಾಗಿ ಮುಂಬಯಿಗೆ ಹೋದಳು. ಇದನ್ನು ಅವಳ ಮೇಲಿನ ದೂರಾಗಿ ಹೇಳುತ್ತಿಲ್ಲ. ಹೆಣ್ಣುಮಕ್ಕಳಲ್ಲಿ ಸ್ಥಿರವಾಗಿ ನಿಲ್ಲುವವರು ಯಾರು, ನಿಲ್ಲದವರು ಯಾರು ಎಂದು ಮನೆಯ ವಿಳಾಸ ನೋಡಿ ನಿರ್ಧರಿಸಿದ್ದು ನಾವು.

ನನ್ನ ಪರವಾಗಿಯೂ ಒಂದು ಮಾತು ಹೇಳಿಕೊಳ್ಳಬೇಕು. ನಾನು ಕಲ್ಲುಮನಸ್ಸಿನವಳಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಡಿಸೆಂಬರಿನಲ್ಲಿ ಗಣಿತದ ಟೀಚರ್ ಇಲ್ಲವಾದರೆ ಏನಾಗುತ್ತದೆಂದು ತರಗತಿಯಲ್ಲಿ ನಿಂತವರಿಗೇ ಗೊತ್ತು. ನಲವತ್ತು ಮಕ್ಕಳ ಹಿತವೋ, ಒಬ್ಬ ಹೆಂಗಸಿನ ಹಿತವೋ ಎಂದು ತಕ್ಕಡಿ ಹಿಡಿದರೆ ಯಾವ ಹೆಡ್‌ಮಿಸ್ ಆದರೂ ಮಕ್ಕಳ ಕಡೆಗೇ ವಾಲುತ್ತಾಳೆ. ವಾಲಬೇಕು ಕೂಡ. ಹಾಗೆಂದುಕೊಂಡು ನಾನು ಅದನ್ನು ಮರೆತೆ. ಎಷ್ಟು ಚೆನ್ನಾಗಿ ಮರೆತೆನೆಂದರೆ, 1999ರಲ್ಲಿ ಕಾರ್ಗಿಲ್ ಯುದ್ಧವಾದಾಗ ಶಾಲೆಯಲ್ಲಿ ನಿಧಿ ಸಂಗ್ರಹಿಸಿ, ಮಕ್ಕಳಿಂದ ಯೋಧರಿಗೆ ಕಾಗದ ಬರೆಸಿ, ಆಗಸ್ಟ್ ಹದಿನೈದರಂದು ಧ್ವಜದ ಕೆಳಗೆ ನಿಂತು ಸೈನಿಕರ ಮಡದಿಯರ ತ್ಯಾಗದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಆಗಲೂ ಆ ಹಾವೇರಿಯವಳ ಮುಖ ನೆನಪಾಗಲಿಲ್ಲ.

ನೆನಪಾದದ್ದು ನನ್ನ ಕರುಳಿಗೆ ತಾಗಿದಾಗ. ಮಗಳು ಜೋಧಪುರದಿಂದ ಮೊದಲ ಸಲ ಫೋನು ಮಾಡಿ, "ಅಮ್ಮ, ಇಲ್ಲಿನ ಶಾಲೆಯಲ್ಲಿ ನಿಮ್ಮೆಜಮಾನರ ಪೋಸ್ಟಿಂಗ್ ಇನ್ನೆಷ್ಟು ದಿನ ಅಂತ ಮೊದಲು ಕೇಳಿದರು, ಏನು ಓದಿದ್ದೀರಿ ಅಂತ ಆಮೇಲೆ ಕೇಳಿದರು" ಎಂದಾಗ. ಪ್ರತಿ ಊರಿನಲ್ಲೂ ಅವಳು ಹೊಸಬಳು. ಪ್ರತಿ ಶಾಲೆಯಲ್ಲೂ ಆರಂಭದ ಸಂಬಳ. 2011ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಬಂತು. ರಾಜ್ಯ ರಾಜ್ಯಕ್ಕೆ ಬೇರೆ, ಕೇಂದ್ರದ್ದು ಬೇರೆ. ಪಾಸಾದ ಪ್ರಮಾಣಪತ್ರಕ್ಕೆ ಏಳೇ ವರ್ಷದ ಆಯಸ್ಸು. ಅದನ್ನು ಜೀವನಪರ್ಯಂತ ಎಂದು ಮಾಡಿದ್ದು 2021ರಲ್ಲಿ. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರರಾದರೆ ಸಾಧ್ಯವಾದ ಮಟ್ಟಿಗೆ ಒಂದೇ ಊರಿನಲ್ಲಿಡಬೇಕೆಂದು 1986ರಿಂದಲೂ ಸೂಚನೆಯಿದೆ, 2009ರಲ್ಲಿ ಅದನ್ನು ಗಟ್ಟಿ ಮಾಡಿದರು. ಆದರೆ ಖಾಸಗಿ ಶಾಲೆಯ ಟೀಚರಿಗೆ, ನರ್ಸಿಗೆ, ಲೆಕ್ಕಪತ್ರ ನೋಡುವವಳಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಅಳಿಯನಿಗೆ ಗಡಿಯ ಕಡೆ ಪೋಸ್ಟಿಂಗ್ ಆದಾಗ ಅವಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದಿದ್ದಳು. ಅವಳ ಜೊತೆ ಬಿ.ಎಡ್. ಮಾಡಿ ಇಲ್ಲೇ ಉಳಿದ ಗೆಳತಿ ಅಷ್ಟರಲ್ಲಿ ಉಪಪ್ರಾಂಶುಪಾಲೆ. ಇಬ್ಬರೂ ಒಂದು ಸಂಜೆ ನಮ್ಮ ವರಾಂಡದಲ್ಲಿ ಕಾಫಿ ಕುಡಿದರು, ನಕ್ಕರು, ಹಳೆಯದನ್ನೆಲ್ಲ ನೆನೆಸಿಕೊಂಡರು. ಗೆಳತಿ ಹೋದ ಮೇಲೆ ಮಗಳು ಲೋಟ ತೊಳೆಯುತ್ತ ಬಹಳ ಹೊತ್ತು ಸಿಂಕಿನ ಹತ್ತಿರವೇ ನಿಂತಿದ್ದಳು. ಎರಡು ಲೋಟಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಅವಳಿಗೆ ಕ್ವಾರ್ಟರ್ಸ್ ಇತ್ತು, ಗಂಡನ ಒಳ್ಳೆಯ ಸಂಬಳವಿತ್ತು, ಬೇಸರವಾದರೆ ಬಂದು ಬೀಳಲು ಬಸವೇಶ್ವರನಗರದ ಮನೆಯಿತ್ತು. ಹವಾಲ್ದಾರನ ಹೆಂಡತಿಗೆ ಇದ್ದದ್ದು ವಿಜಯನಗರದ ಒಂದು ಕೋಣೆ. ಮಗಳ ಕಷ್ಟ ಕಂಡ ಮೇಲೆ ಅವಳ ಕಷ್ಟ ನನಗೆ ಅರ್ಥವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹಾಗೆಯೇ.

ಅಂದಿನಿಂದ ಈ ತ್ಯಾಗ ಎಂಬ ಮಾತು ನನ್ನನ್ನು ಕಾಡುತ್ತಿದೆ. ಏನು ತ್ಯಾಗವೆಂದರೆ? ನನ್ನ ಕೈಯಲ್ಲಿರುವುದನ್ನು, ಕೊಡದೇ ಇರಬಹುದಾಗಿದ್ದರೂ, ತಿಳಿದು ಕೊಟ್ಟರೆ ಅದು ತ್ಯಾಗ. ಕೇಳದೆ ತೆಗೆದುಕೊಂಡದ್ದಕ್ಕೆ ಆ ಹೆಸರು ಹೇಗೆ ಒಪ್ಪುತ್ತದೆ? ರಾಮ ಕಾಡಿಗೆ ಹೊರಟಾಗ ಸೀತೆ ವಾದಿಸಿ ಜೊತೆಗೆ ಹೋದಳು. ಲಕ್ಷ್ಮಣ ಬೇಡಿ ಅಪ್ಪಣೆ ಪಡೆದ. ಊರ್ಮಿಳೆ ಉಳಿದಳು. ಅವಳ ಹದಿನಾಲ್ಕು ವರ್ಷವನ್ನು ಕವಿಗಳು ಬಹುಕಾಲ ಮರೆತೇಬಿಟ್ಟಿದ್ದರು. ನಮ್ಮ ಕುವೆಂಪು ಅವಳನ್ನು ತಪಸ್ವಿನಿಯಾಗಿ ಕಂಡರು. ಅದು ದೊಡ್ಡ ಮನಸ್ಸು. ಆದರೂ ನನಗೆ ಅನಿಸುವುದುಂಟು, ತಪಸ್ವಿನಿ ಎಂದು ಕೈಮುಗಿಯುವ ನಮಗೆ, "ಹದಿನಾಲ್ಕು ವರ್ಷ ನಿನಗೆ ಏನು ಮಾಡಬೇಕೆಂದಿತ್ತು ತಾಯಿ?" ಎಂದು ಕೇಳಲು ತೋಚುವುದಿಲ್ಲವಲ್ಲ ಎಂದು.

ಕೈಮುಗಿಯುವುದರಲ್ಲಿ ಒಂದು ಅನುಕೂಲವಿದೆ. ಖರ್ಚಿಲ್ಲ. ಅಂಗಡಿಯವನನ್ನು ಪುಣ್ಯಾತ್ಮ ಎಂದು ಹೊಗಳಿದರೆ ಉದ್ರಿ ತೀರುತ್ತದೆಯೇ? ನಾವು ಸೈನಿಕನ ಹೆಂಡತಿಯ ಮುಂದೆ ಮಾಡುವುದು ಅದೇ. ಅವಳು ಬಿಟ್ಟುಕೊಟ್ಟ ಕೆಲಸ, ಬಡ್ತಿ, ಕೈಯೊಳಗಿನ ವಿದ್ಯೆ ಎಲ್ಲ ನಮ್ಮ ಖಾತೆಯಲ್ಲಿ ಬಾಕಿ ನಿಂತಿರುವಾಗ, ತ್ಯಾಗ ಎಂದು ಬರೆದು ಪುಸ್ತಕ ಮುಚ್ಚುತ್ತೇವೆ.

"ಮಿಲಿಟರಿಯವನನ್ನು ಮದುವೆಯಾಗುವಾಗ ಗೊತ್ತಿರಲಿಲ್ಲವೇ?" ಎಂದು ನನ್ನ ವಾರಗಿತ್ತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಬ್ಯಾಂಕಿನವರಿಗೂ ವರ್ಗವಾಗುತ್ತದೆ, ಪೊಲೀಸರಿಗೂ ಆಗುತ್ತದೆ. ಆದರೆ ಬ್ಯಾಂಕಿನವನು ಬಡ್ತಿ ಬೇಡವೆಂದು ಊರಿನಲ್ಲೇ ಉಳಿಯಬಹುದು, ಮನಸ್ಸು ಒಪ್ಪದಿದ್ದರೆ ರಾಜೀನಾಮೆ ಬಿಸಾಕಬಹುದು. ಸಿಪಾಯಿಗೆ ಅದು ಸಾಧ್ಯವಿಲ್ಲ. ಇನ್ನೂ ಒಂದು ಮಾತಿದೆ. ಸಿಪಾಯಿಗೆ ಹದಿನೈದು ವರ್ಷದ ಸೇವೆಗೆ ಪಿಂಚಣಿ. ಬಹಳ ಮಂದಿ ನಲವತ್ತರ ಒಳಗೇ ಮನೆಗೆ ಬರುತ್ತಾರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷ. ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮುಂದುವರಿಯಬಹುದು, ಉಳಿದವರಿಗೆ ಒಂದು ಗಂಟು ಹಣ ಸಿಗುತ್ತದೆ, ಪಿಂಚಣಿಯಿಲ್ಲ. ಅಂಥ ಮನೆಗಳಲ್ಲಿ ಹೆಂಡತಿಯ ಕೆಲಸ ಹವ್ಯಾಸವಲ್ಲ, ಮನೆಯ ಕಂಬ. ಹುಡುಗಿಗೆ ಗೊತ್ತಿದ್ದೇ ಮದುವೆಯಾದಳೆಂದು ಇಟ್ಟುಕೊಳ್ಳೋಣ. ಅವಳು ಒಪ್ಪಿದ್ದು ಊರೂರು ಅಲೆಯುವುದಕ್ಕೆ. ಹೋದಲ್ಲೆಲ್ಲ ಬಾಗಿಲು ಮುಚ್ಚಿರಲಿ ಎಂದು ಅವಳೇನೂ ಒಪ್ಪಿರಲಿಲ್ಲ. ವರ್ಗ ಮಾಡುವುದು ಸೈನ್ಯ. ಬಾಗಿಲು ಮುಚ್ಚುವವರು ನಾವು, ನನ್ನಂಥ ಹೆಡ್‌ಮಿಸ್‌ಗಳು.

ಸೈನ್ಯದವರದೂ ತಪ್ಪಿಲ್ಲದ ಕಥೆಯಲ್ಲ. ಸೆಲಿನಾ ಜಾನ್ ಎಂಬ ಮಿಲಿಟರಿ ನರ್ಸ್ ಸೈನ್ಯದ ಅಧಿಕಾರಿಯನ್ನೇ ಮದುವೆಯಾದರು. ಮದುವೆಯಾದದ್ದೇ ಕಾರಣವೆಂದು 1988ರಲ್ಲಿ ಅವರನ್ನು ಕೆಲಸದಿಂದ ತೆಗೆದರು. 1977ರ ಒಂದು ನಿಯಮ ಹಾಗಿತ್ತು. ಅದನ್ನು ಹಿಂದಕ್ಕೆ ಪಡೆದದ್ದು 1995ರಲ್ಲಿ. ಆಕೆ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಲಿಂಗ ತಾರತಮ್ಯದ್ದು ಎಂದು ಹೇಳಿ ಅರವತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂವತ್ತಾರು ವರ್ಷ! ಕೆಲಸಕ್ಕೆ ಸೇರಿದ ಹುಡುಗಿ ನಿವೃತ್ತಳಾಗಿ ಮನೆಗೆ ಬರುವಷ್ಟು ಕಾಲ. ಹಣ ಬಂತು, ಆ ಕೆಲಸದ ವರ್ಷಗಳು ಬರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಗಂಡ ತೀರಿಕೊಂಡರೆ ನಮ್ಮ ಕೈ ಬಿಚ್ಚುತ್ತದೆ. ಕಾರ್ಗಿಲ್ ಆದ ಮೇಲೆ ಹುತಾತ್ಮರ ಮನೆಯವರಿಗೆ ಪೆಟ್ರೋಲ್ ಬಂಕು, ಗ್ಯಾಸ್ ಏಜೆನ್ಸಿಗಳನ್ನು ಕೊಟ್ಟರು. ಸರಿಯಾದದ್ದನ್ನೇ ಮಾಡಿದರು. 2015ರಲ್ಲಿ ಕುಪ್ವಾರಾದಲ್ಲಿ ಗಂಡನನ್ನು ಕಳೆದುಕೊಂಡ ಸ್ವಾತಿ ಮಹಾಡಿಕ್ ಎರಡು ಮಕ್ಕಳ ತಾಯಿ. ಅವರಿಗೆ ವಯಸ್ಸಿನ ಮಿತಿ ಸಡಿಲಿಸಿದರು. 2017ರಲ್ಲಿ ಚೆನ್ನೈನ ತರಬೇತಿ ಅಕಾಡೆಮಿಯಿಂದ ಅವರು ಲೆಫ್ಟಿನೆಂಟ್ ಆಗಿ ಹೊರಬಂದರು. ಆ ಚಿತ್ರ ಪೇಪರಿನಲ್ಲಿ ನೋಡಿ ನಾನು ಕಣ್ಣೊರೆಸಿಕೊಂಡೆ. ಒರೆಸಿಕೊಂಡ ಮೇಲೆ ಯೋಚನೆ ಬಂತು. ಸಿಪಾಯಿ ಬದುಕಿರುವಾಗ ಹೆಂಡತಿಗೆ "ಸ್ಥಿರವಾಗಿ ನಿಲ್ಲುವವಳಲ್ಲ" ಎನ್ನುವ ನಾವು, ಅವನು ಸತ್ತ ಮೇಲೆ ಕೆಲಸ ಕೊಡಲು ಮುಂದಾಗುತ್ತೇವೆ. ಕೆಲಸ ಬೇಕೆಂದರೆ ಅವಳು ವಿಧವೆಯಾಗಬೇಕೇ?

ಏನೂ ಆಗಿಲ್ಲವೆಂದರೆ ತಪ್ಪಾಗುತ್ತದೆ. ಸೈನಿಕರ ಪತ್ನಿಯರಿಗಾಗಿ 1966ರಲ್ಲಿ ಶುರುವಾದ ಕಲ್ಯಾಣ ಸಂಘ, ಹಳ್ಳಿಯಿಂದ ನೇರ ದಂಡುಪ್ರದೇಶಕ್ಕೆ ಬಂದ ಹೆಣ್ಣುಮಕ್ಕಳಿಗೆ ಹೊಲಿಗೆ, ಕಂಪ್ಯೂಟರ್ ಕಲಿಸುತ್ತ ಬಂದಿದೆ. 1983ರಲ್ಲಿ ಹುಟ್ಟಿದ ಸೈನ್ಯದ ಶಿಕ್ಷಣ ಸೊಸೈಟಿಯ ಶಾಲೆಗಳಲ್ಲಿ ಸೈನಿಕರ ಮಡದಿಯರು ಎಷ್ಟೋ ಮಂದಿ ಪಾಠ ಹೇಳುತ್ತಾರೆ. ನನ್ನ ಮಗಳೂ ಹೇಳಿದ್ದಾಳೆ. ಶ್ರೀಮಂತ ದೇಶದಲ್ಲೂ ಈ ತೊಂದರೆ ತಪ್ಪಿಲ್ಲ. ಅಮೆರಿಕದಲ್ಲಿ 2021ರಲ್ಲಿ ಸಮೀಕ್ಷೆ ಮಾಡಿದಾಗ, ಕೆಲಸ ಮಾಡಲು ಸಿದ್ಧರಿರುವ ಸೈನಿಕರ ಸಂಗಾತಿಗಳಲ್ಲಿ ಸುಮಾರು ಐವರಲ್ಲೊಬ್ಬರಿಗೆ ಕೆಲಸವಿರಲಿಲ್ಲ. 2023ರ ಜನವರಿಯಲ್ಲಿ ಅವರೊಂದು ಕಾನೂನು ಮಾಡಿದರು: ಒಂದು ರಾಜ್ಯದಲ್ಲಿ ಪಡೆದ ಟೀಚರ್, ನರ್ಸ್ ಮುಂತಾದ ವೃತ್ತಿಯ ಪರವಾನಗಿ, ಸೈನ್ಯದ ಆಜ್ಞೆಯಿಂದ ಊರು ಬದಲಾದರೆ ಇನ್ನೊಂದು ರಾಜ್ಯದಲ್ಲೂ ನಡೆಯಬೇಕು. ಅದರಲ್ಲಿ ಹೊಗಳಿಕೆಯ ಒಂದು ಮಾತೂ ಇರಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು.

ನಾನು ನಿವೃತ್ತಳಾದ ಮೇಲೆ ಕೆಂಗೇರಿ ಉಪನಗರದ ಒಂದು ಚಿಕ್ಕ ಶಾಲೆಯವರು ಸಲಹೆಗೆಂದು ಕರೆದರು. ವಾರಕ್ಕೆರಡು ಸಲ ಹೋಗುತ್ತಿದ್ದೆ. 2014ರಲ್ಲಿ ಅಲ್ಲಿಗೆ ಒಬ್ಬ ನಾಯಕ್‌ನ ಹೆಂಡತಿ ಅರ್ಜಿ ಹಿಡಿದು ಬಂದಳು. ಎಷ್ಟು ವರ್ಷ ಇರುತ್ತೀರಿ ಎಂದು ಕೇಳಬಾರದೆಂದು ನಾನು ಮೊದಲೇ ಹಟ ಹಿಡಿದಿದ್ದೆ. ಅದರ ಬದಲು, ಹೋಗುವಾಗ ಏನು ಬಿಟ್ಟುಹೋಗುತ್ತೀರಿ ಎಂದು ಕೇಳೋಣ ಎಂದೆ. ಪಾಠದ ಟಿಪ್ಪಣಿ ಎಲ್ಲ ಟೀಚರುಗಳೂ ಬರೆಯುವುದೇ. ಅದರ ಜೊತೆಗೆ ಇನ್ನೊಂದು ಪುಸ್ತಕ ಇಡಿಸಿದೆವು. ಯಾವ ಮಗು ಎಲ್ಲಿ ತೊಡಕುತ್ತಿದೆ, ಯಾರಿಗೆ ಭಾಗಾಕಾರ ಬರುವುದಿಲ್ಲ, ಯಾರಿಗೆ ಬೋರ್ಡು ಕಾಣಿಸುವುದಿಲ್ಲ ಎಂದು ವಾರವಾರ ಬರೆಯಬೇಕು. ಅವಳೊಬ್ಬಳೇ ಅಲ್ಲ, ಎಲ್ಲರೂ. ಇಬ್ಬರಿಬ್ಬರು ಟೀಚರುಗಳು ಒಬ್ಬರ ತರಗತಿ ಇನ್ನೊಬ್ಬರಿಗೆ ಗೊತ್ತಿರುವಂತೆ ನೋಡಿಕೊಳ್ಳಬೇಕು. ಹೊರಡುವವಳಿಗೆ ಕೊಡುವ ಪತ್ರದಲ್ಲಿ "ಸ್ವ ಇಚ್ಛೆಯಿಂದ ಬಿಟ್ಟರು" ಎಂದು ಬರೆಯದೆ, "ಪತಿಯ ಸೇನಾ ವರ್ಗಾವಣೆಯ ಕಾರಣ" ಎಂದು ಬರೆದು, ಏನೇನು ಕಲಿಸಿದಳು, ಹೇಗೆ ಕಲಿಸಿದಳು ಎಂದೂ ಬರೆಯಬೇಕು.

ಎಲ್ಲ ಸುಸೂತ್ರವಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ಎರಡನೆಯ ವರ್ಷದ ಜನವರಿಯಲ್ಲಿ ಆಕೆಯ ಗಂಡನಿಗೆ ವರ್ಗವಾಯಿತು. ಒಂಬತ್ತನೇ ಕ್ಲಾಸಿನ ಗಣಿತಕ್ಕೆ ಯಾರೂ ಸಿಗದೆ, ಮಂಡಿನೋವು ಕಟ್ಟಿಕೊಂಡು ಎರಡು ತಿಂಗಳು ನಾನೇ ಹೋದೆ. ಪೋಷಕರೊಬ್ಬರು ಬಂದು ಕೂಗಾಡಿದರು. ಕೂಗಾಡಲು ಅವರಿಗೆ ಕಾರಣವಿತ್ತು. ಆದರೆ ಆಕೆ ಬರೆದಿಟ್ಟ ಪುಸ್ತಕ ನನ್ನ ಕೈಯಲ್ಲಿತ್ತು. ಮೊದಲ ದಿನವೇ ಯಾವ ಹುಡುಗನ ಪಕ್ಕ ನಿಲ್ಲಬೇಕೆಂದು ನನಗೆ ಗೊತ್ತಿತ್ತು. ಹತ್ತು ವರ್ಷ ಒಂದೇ ಕಡೆ ಇದ್ದು ನಿವೃತ್ತರಾದ ಎಷ್ಟೋ ಮಂದಿ ಇಷ್ಟನ್ನು ಬಿಟ್ಟುಹೋಗಿರಲಿಲ್ಲ, ನನ್ನನ್ನೂ ಸೇರಿಸಿ.

ಆ ಎರಡು ತಿಂಗಳು ಬಸ್ಸಿನಲ್ಲಿ ಕೂತು ಕೆಂಗೇರಿಗೆ ಹೋಗುವಾಗ ಒಂದು ಮಾತು ಮನಸ್ಸಿಗೆ ಖಚಿತವಾಯಿತು. ಋಣ ತೀರಿಸುವುದೆಂದರೆ ನಮ್ಮ ಕೈಯಿಂದ ಏನಾದರೂ ಹೋಗಬೇಕು. ಒಂದಿಷ್ಟು ತೊಂದರೆ, ಒಂದಿಷ್ಟು ಹಣ, ಒಂದಿಷ್ಟು ಮಂಡಿನೋವು. ಏನೂ ಹೋಗದೆ ಇದ್ದರೆ ನಾವು ತೀರಿಸಿಲ್ಲ, ಹೊಗಳಿದ್ದೇವೆ ಅಷ್ಟೇ. 1996ರಲ್ಲಿ ನಾನು ಮಕ್ಕಳನ್ನೂ ಆ ಹೆಂಗಸನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿದ್ದೆ. ನನ್ನ ಶ್ರಮವನ್ನು ಮಾತ್ರ ತಕ್ಕಡಿಗೆ ಹಾಕಿರಲಿಲ್ಲ.

ಹಾಲು ಉಕ್ಕದಂತೆ ಒಲೆ ಆರಿಸಿ ಬಂದು, ಮಗಳಿಗೆ ಅವಳ ಪ್ರಶ್ನೆಯ ಉತ್ತರ ಹೇಳಿದೆ. ಹಾವೇರಿಯವಳ ಕಥೆ ಪೂರ್ತಿ ಹೇಳಿದೆ, ಅಂಚಿನಲ್ಲಿ ಬರೆದ ಮಾತನ್ನೂ ಬಿಡದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಕೆ ಈಗ ಎಲ್ಲಿದ್ದಾರೋ?" ಎಂದಳು.

ನನಗೆ ಗೊತ್ತಿಲ್ಲ. ವಿಜಯನಗರದ ಆ ಬಾಡಿಗೆ ಮನೆಯ ವಿಳಾಸವೂ ನಾನು ಇಟ್ಟುಕೊಂಡಿರಲಿಲ್ಲ. ಎಲ್ಲಾದರೂ ಯಾವುದಾದರೂ ತರಗತಿಯಲ್ಲಿ ಬೋರ್ಡಿನ ಮೇಲೆ ಉದ್ರಿ ಖಾತೆ ಬರೆದು ಮಕ್ಕಳನ್ನು ನಗಿಸಿದಳೋ, ಅಥವಾ ಆ ವಿದ್ಯೆ ಅವಳೊಳಗೇ ಉಳಿದುಹೋಯಿತೋ. ಅವಳ ಬಾಕಿ ನನ್ನ ಹೆಸರಿನಲ್ಲಿ ಹಾಗೇ ಇದೆ. ಬೇರೆಯವರಿಗೆ ಕೊಟ್ಟದ್ದರಿಂದ ಅವಳದು ತೀರುವುದಿಲ್ಲ.

ಮಗಳು ಹಾಳೆಗಳನ್ನು ಮತ್ತೆ ಫೈಲಿಗೆ ಸೇರಿಸಿದಳು. ಅಳಿಯನಿಗೆ ಮತ್ತೆ ವರ್ಗವಾಗಿದೆ. ಜೂನಿನಲ್ಲಿ ಹೊಸ ಊರು, ಹೊಸ ಶಾಲೆ, ಹೊಸ ಹೆಡ್‌ಮಿಸ್. ಆಕೆ ಮೊದಲು ಏನು ಕೇಳುತ್ತಾಳೋ ನೋಡಬೇಕು.